ಕರೆಂಟಿಲ್ಲದ ಹಳೇ ಕಾಡುಮನೆ: ಯಾವುದು ಯಾರಿಗೆ ಹೊಂದುತ್ತದೆ?

ಕಾಡಿನ ನಡುವೆ ಹಳೇ ಕಾಲದ ಬಂಗ್ಲೆಯೊಂದರಲ್ಲಿ ಎರಡು ರಾತ್ರಿ ಇರಬೇಕು, ಕರೆಂಟ್ ಬೇಡ, ಟಿವಿ ಬೇಡ, ಎಲ್ಲಿಗೆ ಹೋಗೋಣ ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಕಾಸರಗೋಡಿನ ಅಡಿಕೆ ತೋಟದಲ್ಲಿ ಬೆಳೆದ ನನ್ನಂಥವರಿಗೆ ಇದು ಸ್ವಲ್ಪ ತಮಾಷೆಯಾಗಿ ಕೇಳಿಸುತ್ತದೆ. ನಮ್ಮ ಅಜ್ಜಿಯರು ಚಿಮಿಣಿ ದೀಪದ ಹೊಗೆ ತಪ್ಪಿತಲ್ಲ ಎಂದು ಖುಷಿಪಟ್ಟವರು. ಇರಲಿ, ಆಸೆಯಲ್ಲಿ ತಪ್ಪೇನಿಲ್ಲ.

ಆದರೆ ಎಲ್ಲರೂ ಮೊದಲು ಕೇಳುವುದು ‘ವ್ಯೂ ಹೇಗಿದೆ, ಪ್ರಾಣಿ ಕಾಣುತ್ತಾ’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ನೀರು ಎಲ್ಲಿಂದ ಬರುತ್ತದೆ? ರಾತ್ರಿ ಕಕ್ಕಸಿಗೆ ಹೋಗಲು ಮನೆಯಿಂದ ಹೊರಗೆ ಇಳಿಯಬೇಕಾ? ಮನೆ ನೋಡಿಕೊಳ್ಳುವವರು ರಾತ್ರಿ ಅಲ್ಲೇ ಮಲಗುತ್ತಾರಾ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಮುಕ್ಕಾಲು ಮುಗಿದ ಹಾಗೆ. ಕತ್ತಲೆ ಒಂದೇ ರಾತ್ರಿಗೆ ಅಭ್ಯಾಸವಾಗುತ್ತದೆ. ನೀರು ಹೊರುವುದು ಅಭ್ಯಾಸವಾಗುವ ಹೊತ್ತಿಗೆ ರಜೆ ಮುಗಿದಿರುತ್ತದೆ.

ಕರ್ನಾಟಕದ ಗಡಿಯ ಆಚೆ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ ಈ ನಾಲ್ಕೂ ರಾಜ್ಯಗಳಲ್ಲಿ ಇಂಥ ಮನೆಗಳಿವೆ, ಕನ್ನಡವೂ ಅಲ್ಲಲ್ಲಿ ನಡೆಯುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಹೊರಟವರು ಕಾಸರಗೋಡಿನ ಸುರಂಗ ನೀರಿನ ತೋಟದ ಮನೆಗೆ ಹೋಗಿ. ಆನೆಯ ಕಾಡೇ ಬೇಕು ಎನ್ನುವವರು ತಮಿಳುನಾಡಿನ ಹಾಸನೂರು ಅಥವಾ ಮುದುಮಲೆ ಕಡೆಯ ಅರಣ್ಯ ಇಲಾಖೆ ಬಂಗ್ಲೆ ಹಿಡಿಯಿರಿ. ಚಳಿ ಕಾಯಿಸುತ್ತಾ ಕೂರುವ ಆಸೆಯಿದ್ದವರಿಗೆ ನೀಲಗಿರಿಯ ಮೇಲ್ಭಾಗ. ಬೆಳಗಾವಿ, ವಿಜಯಪುರದವರು ಅಷ್ಟು ದೂರ ಬರಬೇಕಾಗಿಲ್ಲ, ಮಹಾರಾಷ್ಟ್ರದ ರಾಧಾನಗರಿ ಇದೆ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಹಾರ್ಸ್ಲಿ ಹಿಲ್ಸ್. ಇನ್ನು ಕಾರಣಗಳಿಗೆ ಬರೋಣ.

ಕಾಸರಗೋಡು: ನೀರು ತಾನಾಗಿ ಬರುವ ಮನೆ

ನನ್ನ ಊರಿನ ಪರವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡರೆ ಅದರಲ್ಲಿ ಸ್ವಲ್ಪ ನಿಜವಿದೆ. ಆದರೂ ಇದಕ್ಕೆ ಗಟ್ಟಿ ಕಾರಣವಿದೆ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಗುಡ್ಡದ ಬುಡದ ಮನೆಗಳಿಗೆ ಸುರಂಗದ ನೀರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಅಡ್ಡಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲಕ್ಕೆ ಕೊರೆದ ದಾರಿ ಅದು. ಕೆಲವು ಹತ್ತಿಪ್ಪತ್ತು ಅಡಿಗೇ ನೀರು ಕೊಟ್ಟಿವೆ, ಕೆಲವು ನೂರು ಮೀಟರ್ ದಾಟಿವೆ. ಒಳಗಿನ ಒರತೆ ಇಳಿಜಾರಿನಲ್ಲಿ ತಾನಾಗಿ ಹರಿದು ಬಂದು ಟಾಂಕಿಗೆ ಬೀಳುತ್ತದೆ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ. ನಮ್ಮ ಗಡಿಗೆ ತಾಗಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡಕ್ಕೆ ಸುರಂಗ ಕೊರೆದು ತೋಟ ಮಾಡಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಹೊರಗಿನವರಿಗೂ ಈ ಸುರಂಗಗಳ ವಿಷಯ ಗೊತ್ತಾಯಿತು.

ಹಾಗಾಗಿ ಇಲ್ಲಿ ಕರೆಂಟಿಲ್ಲದ ಹಳೇ ಮನೆ ಎಂದರೆ ಕಷ್ಟದ ಮನೆ ಅಂತ ಅರ್ಥವಲ್ಲ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಮರದ ಅಟ್ಟ, ಅದರ ಮೇಲೆ ಹೆಂಚು. ಅಟ್ಟ ಇರುವುದರಿಂದ ಹೆಂಚಿನ ಕಾವು ಕೆಳಗೆ ಇಳಿಯುವುದಿಲ್ಲ, ಫ್ಯಾನ್ ಇಲ್ಲದೆಯೂ ಮಧ್ಯಾಹ್ನ ನಿದ್ದೆ ಬರುತ್ತದೆ. ಬಚ್ಚಲಿನಲ್ಲಿ ಹಂಡೆ ಹೂತಿರುತ್ತದೆ. ಅಡಿಕೆ ಹಾಳೆ, ತೆಂಗಿನ ಸೋಗೆ ತುರುಕಿದರೆ ಮೈ ಸುಡುವಷ್ಟು ಬಿಸಿನೀರು. ಊಟಕ್ಕೆ ಕುಚ್ಚಿಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಮಕ್ಕಳು ಮೊದಲ ದಿನ ಮುಖ ಸಿಂಡರಿಸಬಹುದು.

ಕಷ್ಟ ಇರುವುದು ಬೇರೆ ಕಡೆ. ಹಳೇ ಮನೆಗಳಲ್ಲಿ ಕಕ್ಕಸು ಮನೆಯೊಳಗೆ ಇರುವುದಿಲ್ಲ. ಅಂಗಳ ದಾಟಿ, ಕೆಲವು ಕಡೆ ದನದ ಹಟ್ಟಿಯನ್ನೂ ದಾಟಿ ಹೋಗಬೇಕು. ಮಳೆಗಾಲದಲ್ಲಿ ಆ ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಉಂಬಳ (ಜಿಗಣೆ), ಸೊಳ್ಳೆ, ಒಣಗದ ಬಟ್ಟೆ, ಎಲ್ಲವೂ ಒಟ್ಟಿಗೆ. ‘ಮಳೆ ನೋಡಲು ಬರುತ್ತೇವೆ’ ಎನ್ನುವವರು ಜಗಲಿಯಲ್ಲಿ ಕೂತು ನೋಡಲು ತಯಾರಿದ್ದರೆ ಮಾತ್ರ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಸುರಂಗದ ನೀರು ಸೊರಗುತ್ತದೆ. ಆಗ ತೋಟಕ್ಕೇ ನೀರು ಸಾಲದು, ನೆಂಟರಿಗೆ ಎಲ್ಲಿಂದ ತರುವುದು? ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೇ ಕಾಲ.

ಇನ್ನೊಂದು ಮಾತು. ಸುರಂಗ ಕಂಡ ಕೂಡಲೇ ಫೋಟೋಕ್ಕೆಂದು ಒಳಗೆ ನುಗ್ಗಬೇಡಿ. ಬಾವಲಿ, ಹಾವು ಇರಬಹುದು, ಉದ್ದದ ಸುರಂಗದಲ್ಲಿ ಉಸಿರಾಡಲು ಗಾಳಿಯೂ ಸಾಲದು. ಮೇಲಾಗಿ ಅದು ಆ ಮನೆಯವರು ಕುಡಿಯುವ ನೀರು.

ಆನೆ ವಿಷಯವನ್ನೂ ಕೇಳಿಕೊಳ್ಳಿ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಕರ್ನಾಟಕದ ಕಾಡಿನಿಂದ ಆನೆ ಇಳಿದು ಬರುತ್ತದೆ. ಹಲಸು ಹಣ್ಣಾಗುವ ಹೊತ್ತಿಗೆ ಅಲ್ಲಿನ ಮನೆಗಳಲ್ಲಿ ಹೊಸಬರು ಉಳಿಯುವುದು ಬೇಡ. ಪೆರ್ಲ, ಬಾಯಾರು ಕಡೆ ಆ ಭಯ ಕಡಿಮೆ.

ಕಾಸರಗೋಡು ಜಿಲ್ಲೆ ಎಂದರೆ ರಾಣಿಪುರಂ ಅಲ್ವಾ ಎಂದು ಕೇಳುವವರಿದ್ದಾರೆ. ಕಾಞಂಗಾಡಿನಿಂದ ಪಾಣತ್ತೂರು ರಸ್ತೆಯಲ್ಲಿ ಹೋದರೆ ಸಿಗುವ ಆ ಬೆಟ್ಟ ಚಂದವೇ. ಆಚೆ ತಲಕಾವೇರಿ ಅಭಯಾರಣ್ಯ ಹಬ್ಬಿದೆ. ಆದರೆ ಬುಡದಲ್ಲಿರುವ ಕಾಟೇಜುಗಳು ಹೊಸವು, ಕರೆಂಟ್ ಇದೆ. ನಾವಿಲ್ಲಿ ಮಾತಾಡುತ್ತಿರುವ ಲೆಕ್ಕಕ್ಕೆ ಅದು ಬರುವುದಿಲ್ಲ. ಹಗಲು ಹತ್ತಿ ಇಳಿದು ಬನ್ನಿ.

ಹಾಸನೂರು, ತಾಳವಾಡಿ, ಮುದುಮಲೆ: ಇಲಾಖೆಯ ಬಂಗ್ಲೆ

ಕಾಡುಬಂಗ್ಲೆ ಎಂದಾಗ ಹೆಚ್ಚಿನವರ ಕಣ್ಣಮುಂದೆ ಬರುವುದು ಇದು. ಮದ್ರಾಸ್ ಅರಣ್ಯ ಕಾಯ್ದೆ ಬಂದದ್ದು 1882ರಲ್ಲಿ. ಆಮೇಲೆ ಇಲಾಖೆ ಬೆಳೆಯುತ್ತಾ ಹೋದ ಹಾಗೆ, ಕುದುರೆ ಮೇಲೆ ಕಾಡು ಸುತ್ತುವ ಅಧಿಕಾರಿಗಳಿಗಾಗಿ ಅಲ್ಲಲ್ಲಿ ತಂಗುಮನೆ ಕಟ್ಟಿಸಿದರು. ಈರೋಡ್ ಜಿಲ್ಲೆಯ ದಿಂಬಂ, ಹಾಸನೂರು, ತಲಮಲೆ, ನೀಲಗಿರಿಯ ತೆಪ್ಪಕಾಡು, ಕಾರ್ಗುಡಿ, ಮಸಿನಗುಡಿ, ಹೀಗೆ ಸಾಲು ಸಾಲು. ಯಾವುದನ್ನು ಪ್ರವಾಸಿಗರಿಗೆ ಕೊಡುತ್ತಾರೆ, ಯಾವುದನ್ನು ಅಧಿಕಾರಿಗಳಿಗೇ ಇಟ್ಟುಕೊಳ್ಳುತ್ತಾರೆ ಎನ್ನುವುದು ಆಗಾಗ ಬದಲಾಗುತ್ತದೆ. ಹುಲಿ ಮೀಸಲಿನ ಕಚೇರಿಯಲ್ಲಿ ವಿಚಾರಿಸದೆ ಹೊರಡಬೇಡಿ.

ಈ ಬಂಗ್ಲೆಗಳನ್ನು ಕಟ್ಟಿದ ರೀತಿಯೇ ಅಲ್ಲಿ ಹೇಗಿರಬೇಕು ಎಂದು ಹೇಳುತ್ತದೆ. ಎತ್ತರದ ಜಗತಿ, ಸುತ್ತ ಅಗಲದ ಜಗಲಿ, ಮಧ್ಯೆ ಒಂದು ದೊಡ್ಡ ಕೋಣೆ, ಅಕ್ಕಪಕ್ಕ ಮಲಗುವ ಕೋಣೆ. ಅಡುಗೆಮನೆ ಮಾತ್ರ ಹಿಂದೆ, ಬೇರೆಯಾಗಿ. ಬೆಂಕಿ, ಹೊಗೆ ಎರಡೂ ದೂರ ಇರಲಿ ಎಂದು ಹಾಗೆ ಮಾಡಿದರು. ಈಗ ನಿಮಗೆ ಅಪಾಯ ಇರುವುದು ಸರಿಯಾಗಿ ಆ ನಡುವಿನ ಜಾಗದಲ್ಲಿ. ಊಟದ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂಗ್ಲೆಗೆ ಬರುವ ಇಪ್ಪತ್ತು ಮೂವತ್ತು ಹೆಜ್ಜೆಯೇ ರಾತ್ರಿಯಲ್ಲಿ ಕಾಡು. ಹಾಗಾಗಿ ಅಡುಗೆ, ಊಟ, ಪಾತ್ರೆ ತೊಳೆಯುವುದು ಎಲ್ಲ ಕತ್ತಲಾಗುವ ಮೊದಲೇ ಮುಗಿಯಬೇಕು. ಆರೂವರೆಗೆ ಊಟ ಯಾರು ಮಾಡುತ್ತಾರೆ ಎನ್ನುವವರಿಗೆ ಈ ಮನೆ ಬೇಡ.

ಬಚ್ಚಲು ನೋಡುವಾಗ ಹಿಂದಿನ ಬಾಗಿಲು ನೋಡಿ. ಹಳೇ ಬಂಗ್ಲೆಗಳ ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು ಇರುತ್ತಿತ್ತು. ನೀರು ತರುವವರು, ಶುಚಿ ಮಾಡುವವರು ಮನೆಯೊಳಗೆ ಬರಬಾರದು ಎಂಬ ಕಾಲದ್ದು. ಎಷ್ಟೋ ಕಡೆ ಆ ಬಾಗಿಲು ಹಾಗೇ ಉಳಿದಿದೆ, ಚಿಲಕ ತುಕ್ಕು ಹಿಡಿದಿದೆ. ಹೋದ ಕೂಡಲೇ ಅದನ್ನು ಹಾಕಿ ತೆಗೆದು ನೋಡಿ. ಕೋತಿ, ಇಲಿ, ಹಾವು ಒಳಗೆ ಬರುವ ದಾರಿ ಅದೇ.

ನೀರಿನ ವಿಷಯದಲ್ಲಿ ಇದು ಕಾಸರಗೋಡಿಗೆ ಪೂರ್ತಿ ಉಲ್ಟಾ. ತಾಳವಾಡಿ, ಹಾಸನೂರು ಕಡೆ ಮಳೆ ಕಮ್ಮಿ, ಕಾಡು ಒಣಕಲು. ನೀರನ್ನು ಕೊಡದಲ್ಲೋ ಟ್ಯಾಂಕರಿನಲ್ಲೋ ತಂದು ತೊಟ್ಟಿಗೆ ತುಂಬಿರುತ್ತಾರೆ. ಸ್ನಾನಕ್ಕೆ ಒಬ್ಬರಿಗೆ ಒಂದು ಬಕೆಟ್, ಅಷ್ಟೇ. ಕುಡಿಯುವ ನೀರು ಪೂರ್ತಿ ನೀವೇ ಒಯ್ಯಿರಿ. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ ಐದು ಲೀಟರ್ ಇಟ್ಟುಕೊಂಡರೆ ಸಾಕಾಗುತ್ತದೆ. ತೊಟ್ಟಿಗೆ ಮುಚ್ಚಳ ಇರಲಿ. ಬೇಸಿಗೆಯಲ್ಲಿ ಆನೆಗೆ ನೀರಿನ ವಾಸನೆ ದೂರದಿಂದಲೇ ಸಿಗುತ್ತದೆ.

ಆನೆಗೆ ಅಕ್ಕಿಯ ವಾಸನೆಯೂ ಸಿಗುತ್ತದೆ. ಗೂಡಲೂರಿನ ಆಚೆ ಪಂದಲೂರು ಕಡೆ ಅಕ್ಕಿಗಾಗಿ ಮನೆ ಗೋಡೆ ಒಡೆಯುತ್ತಿದ್ದ ಮಖ್ನಾ (ದಂತವಿಲ್ಲದ ಗಂಡು) ಆನೆಯೊಂದನ್ನು 2022ರ ಡಿಸೆಂಬರ್‌ನಲ್ಲಿ ಹಿಡಿಯಬೇಕಾಯಿತು. ಅಕ್ಕಿ, ಉಪ್ಪು, ಬೆಲ್ಲ, ಬಾಳೆಹಣ್ಣು ಇವನ್ನು ಮಲಗುವ ಕೋಣೆಯ ಕಿಟಕಿ ಬಳಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಎಲ್ಲಿಡಬೇಕೆಂದು ಮನೆ ನೋಡಿಕೊಳ್ಳುವವರನ್ನೇ ಕೇಳಿ. ಅವರು ಹೇಳಿದ ಜಾಗ ವಿಚಿತ್ರ ಅನ್ನಿಸಿದರೂ ಅಲ್ಲೇ ಇಡಿ.

ಬಂಗ್ಲೆ ನೋಡಿಕೊಳ್ಳುವವರನ್ನು ಮೈಸೂರು ಸೀಮೆಯಲ್ಲಿ ಮೇಟಿ ಎನ್ನುತ್ತಾರಲ್ಲ, ಅಂಥ ಒಬ್ಬರು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಹಾಸನೂರು ಸುತ್ತ ಈ ಕೆಲಸದಲ್ಲಿ, ವಾಚರ್‌ಗಳಲ್ಲಿ ಸೋಲಿಗರು, ಊರಾಳಿಗಳು ಇದ್ದಾರೆ. ತಾಳವಾಡಿ ಎಂದರೆ ಕನ್ನಡದ ಊರೇ, ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಲ್ಲೇ ಇದೆ. ಹಾಗಾಗಿ ಭಾಷೆಯ ತೊಂದರೆ ಇಲ್ಲ. ‘ಅಣ್ಣಾ, ಇವತ್ತು ಆನೆ ಯಾವ ಕಡೆ ಇದೆ?’ ಎಂದು ಕನ್ನಡದಲ್ಲೇ ಕೇಳಬಹುದು. ಇದು ಸಣ್ಣ ವಿಷಯವಲ್ಲ. ಮುದುಮಲೆಗಿಂತ ಹಾಸನೂರನ್ನು ಒಂದು ಗುಲಗಂಜಿ ಮೇಲೆ ಇಡಲು ನನಗೆ ಇದೂ ಒಂದು ಕಾರಣ. ಗಲಾಟೆ ಕಡಿಮೆ ಎನ್ನುವುದು ಇನ್ನೊಂದು. ಮುದುಮಲೆಯಲ್ಲಿ ಊಟಿ ದಾರಿಯ ವಾಹನಗಳ ಸಾಲು ಹಗಲಿಡೀ ಹರಿಯುತ್ತಿರುತ್ತದೆ. ಆದರೆ 1940ರಲ್ಲೇ ಅಭಯಾರಣ್ಯವಾದ ಆ ಕಾಡಿನಲ್ಲಿ ಪ್ರವಾಸಿಗರ ವ್ಯವಸ್ಥೆ ಹಳೆಯದು, ತಂಗುಮನೆಗಳೂ ಹೆಚ್ಚು. ಹಾಸನೂರು ಸೇರಿದ ಸತ್ಯಮಂಗಲ ಕಾಡು ಹುಲಿ ಮೀಸಲಾದದ್ದು 2013ರಲ್ಲಿ. ಅಲ್ಲಿ ಒಂದು ಮಾತಿಗೆ ಮೂರು ಫೋನ್ ಮಾಡಬೇಕಾಗಬಹುದು.

ದಾರಿಯ ಹೊತ್ತನ್ನು ಮೊದಲೇ ಲೆಕ್ಕ ಹಾಕಿ. ಹಾಸನೂರಿನ ದಾರಿಯಲ್ಲಿ ಬಣ್ಣಾರಿಯಿಂದ ಗಡಿಯ ಕಾರಪಳ್ಳಂ ತನಕ, ಎಂದರೆ ದಿಂಬಂ ಘಾಟಿಯ 27 ತಿರುವುಗಳೂ ಸೇರಿ, 2022ರ ಫೆಬ್ರವರಿಯಿಂದ ರಾತ್ರಿ ಸಂಚಾರ ನಿರ್ಬಂಧ ಇದೆ. ಕಾರುಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ಲಾರಿಗಳಿಗೆ ಸಂಜೆ 6ರಿಂದಲೇ. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ 6ರ ನಿಷೇಧ 2009ರಿಂದಲೂ ಇದೆ. ಚೆಕ್‌ಪೋಸ್ಟ್‌ಗೆ ಎಂಟೂ ಮುಕ್ಕಾಲಿಗೆ ಬಂದು ನಿಂತರೆ ಕಾನೂನಿನ ಪ್ರಕಾರ ಬಿಡಬಹುದು, ಆದರೆ ಆ ಹೊತ್ತಿನಲ್ಲಿ ಬಂಗ್ಲೆಯ ಮಣ್ಣುದಾರಿಗೆ ಇಳಿಯುವುದು ಬುದ್ಧಿವಂತಿಕೆಯಲ್ಲ. ನಾಲ್ಕು ಗಂಟೆಯೊಳಗೆ ಮುಟ್ಟುವ ಹಾಗೆ ಹೊರಡಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಬೇಡವೇ ಬೇಡ. ಬೆಂಕಿಯ ಕಾಲ. ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ತಮಿಳುನಾಡು ಅರಣ್ಯ ಇಲಾಖೆ ಈ ವಿಷಯದಲ್ಲಿ ತುಂಬಾ ಬಿಗಿ. ಬುಕಿಂಗ್ ಆಗಿದ್ದರೂ ರದ್ದಾಗಬಹುದು. ಮಳೆ ಬಿದ್ದು ಹಸಿರಾದ ಮೇಲೆ, ಅಕ್ಟೋಬರ್‌ನಿಂದ ಜನವರಿವರೆಗೆ ಹೋಗಿ.

ನೀಲಗಿರಿಯ ಮೇಲೆ: ಚಳಿ ಮತ್ತು ಹೊಗೆ

ಮುದುಮಲೆ ನೀಲಗಿರಿಯ ಬುಡ. ಮೇಲೆ ಊಟಿ, ಅವಲಾಂಚಿ ಕಡೆಯ ಹಳೇ ಬಂಗ್ಲೆಗಳ ಲೆಕ್ಕವೇ ಬೇರೆ. ಕೆಲವು ಅರಣ್ಯ ಇಲಾಖೆಯವು, ಕೆಲವು ಚಹಾ ಎಸ್ಟೇಟಿನ ದೊರೆಗಳ ಕಾಲದವು. ಮರದ ನೆಲ, ಗಾಜಿನ ಕಿಟಕಿ, ಗೋಡೆಯೊಳಗೆ ಬೆಂಕಿಗೂಡು. ಎಸ್ಟೇಟ್ ಬಂಗ್ಲೆಗಳಲ್ಲಿ ಈಗ ಹೆಚ್ಚಾಗಿ ಕರೆಂಟ್, ಗೀಸರ್ ಎಲ್ಲ ಇದೆ. ‘ಕ್ಯಾಂಡಲ್ ಬೆಳಕು’ ಎನ್ನುವುದು ಅಲಂಕಾರಕ್ಕೆ. ಅದು ಬೇಕಾದವರು ಹೋಗಲಿ, ದುಡ್ಡು ಮಾತ್ರ ದುಪ್ಪಟ್ಟು.

ಇಲ್ಲಿ ನೀರಿಗೆ ಬರವಿಲ್ಲ, ಹೊಳೆ ಪಕ್ಕದಲ್ಲೇ ಇರುತ್ತದೆ. ಕಷ್ಟ ಕೊಡುವುದು ಚಳಿ. ಡಿಸೆಂಬರ್, ಜನವರಿಯಲ್ಲಿ ತಗ್ಗು ಜಾಗಗಳ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ನಮ್ಮ ಕರಾವಳಿಯವರಿಗೆ ಒಂದು ಸ್ವೆಟರ್ ಸಾಕು ಎನ್ನುವ ಭ್ರಮೆ ಇರುತ್ತದೆ. ಸಾಲದು. ಬಂಗ್ಲೆಯ ಕಂಬಳಿಗಳನ್ನು ನಂಬಬೇಡಿ, ಸ್ಲೀಪಿಂಗ್ ಬ್ಯಾಗ್ ಒಯ್ಯಿರಿ.

ಬೆಂಕಿಗೂಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ವರ್ಷಗಟ್ಟಲೆ ಹಚ್ಚದ ಗೂಡಿನ ಚಿಮಣಿಯಲ್ಲಿ ಹಕ್ಕಿ ಗೂಡು, ಮಸಿ ಕಟ್ಟಿಕೊಂಡಿರುತ್ತದೆ. ಮೊದಲು ಒಂದು ಕಾಗದ ಉರಿಸಿ, ಹೊಗೆ ಮೇಲೆ ಹೋಗುತ್ತದಾ ಕೋಣೆಗೆ ತಿರುಗುತ್ತದಾ ನೋಡಿ. ತಿರುಗಿದರೆ ಹಚ್ಚಲೇಬೇಡಿ. ಇದಕ್ಕಿಂತ ಕೆಟ್ಟದ್ದು ಕೆಂಡದ ಒಲೆಯನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿ ಮಲಗುವುದು. ಇದ್ದಿಲು ಹೊಗೆಯಿಲ್ಲದೆ ಉರಿಯುತ್ತಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಬೆಟ್ಟದ ಊರುಗಳಲ್ಲಿ ಪ್ರವಾಸಿಗರು ಹೀಗೆ ಸತ್ತ ಸುದ್ದಿ ಆಗಾಗ ಬರುತ್ತಲೇ ಇದೆ.

ಅಡುಗೆಯೂ ನಿಧಾನ. ಊಟಿಯ ಎತ್ತರ ಸುಮಾರು 2,240 ಮೀಟರ್. ಅಲ್ಲಿ ನೀರು ಕುದಿಯುವುದು 92-93 ಡಿಗ್ರಿಗೇ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತಾ ಕೂತರೆ ಹಸಿವು ಸತ್ತುಹೋಗುತ್ತದೆ. ಕುಕ್ಕರ್ ಒಯ್ಯಿರಿ. ಹೊಳೆ ನೀರನ್ನು ಕುಡಿಯಲು ಕಾಯಿಸುವಾಗಲೂ, ಕೆಳಗೆ ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು ಎನ್ನುವುದಕ್ಕೆ ಇಲ್ಲಿ ಮೂರು ನಿಮಿಷ ಕುದಿಸಬೇಕು.

ಮಳೆಗಾಲಕ್ಕೆ ಅವಲಾಂಚಿ ಹೆಸರೆತ್ತಬೇಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ಒಂದೇ ದಿನ 900 ಮಿ.ಮೀ. ದಾಟಿ ಮಳೆ ಬಿದ್ದು ರಸ್ತೆಗಳೇ ಕಿತ್ತುಹೋಗಿದ್ದವು. ನೀಲಗಿರಿಗೆ ಹೊರಗಿನ ವಾಹನಕ್ಕೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಚೆಕ್‌ಪೋಸ್ಟಿನಲ್ಲಿ ತೆಗೆಸುತ್ತಾರೆ. ಸ್ಟೀಲಿನ ಕ್ಯಾನ್ ಒಳ್ಳೇದು. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ಹೊರಗಿನವರ ವಾಹನ ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ, ಗೂಡಲೂರು ಸುತ್ತಿ ಬರಬೇಕು. ಮುದುಮಲೆ, ಅವಲಾಂಚಿ ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕುವವರು ಇದನ್ನು ನೆನಪಿಡಿ. ಸುಸ್ತಾಗುವುದು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ರಾಧಾನಗರಿ, ಹಾರ್ಸ್ಲಿ ಹಿಲ್ಸ್

ಕೊಲ್ಲಾಪುರ ಜಿಲ್ಲೆಯ ರಾಧಾನಗರಿ, ದಾಜಿಪುರ ಕಾಡು ಹಿಂದೆ ಕೊಲ್ಲಾಪುರದ ರಾಜರ ಬೇಟೆಯ ಕಾಡಾಗಿತ್ತು. ಶಾಹೂ ಮಹಾರಾಜರು ಭೋಗಾವತಿ ನದಿಗೆ ಕಟ್ಟಿಸಲು ಶುರುಮಾಡಿದ ಅಣೆಕಟ್ಟೂ ಅಲ್ಲೇ ಇದೆ. ಕಾಡುಕೋಣಗಳಿಗಾಗಿ 1958ರಲ್ಲಿ ಅಭಯಾರಣ್ಯವಾಯಿತು, ಮಹಾರಾಷ್ಟ್ರದಲ್ಲಿ ಅದೇ ಮೊದಲನೆಯದು. ಗಡಹಿಂಗ್ಲಜ ತನಕ ಕನ್ನಡ ನಡೆಯುತ್ತದೆ, ಕಾಡಿನ ಸಿಬ್ಬಂದಿ ಜೊತೆ ಮರಾಠಿ ಬೇಕು. ತಂಗುಮನೆ ಸಾದಾ, ಊಟ ಸಾದಾ, ಮಳೆಗಾಲದಲ್ಲಿ ಅಭಯಾರಣ್ಯದ ಬಾಗಿಲು ಮುಚ್ಚಿರುತ್ತದೆ. ಆನೆಯ ಭಯ ಹಾಸನೂರಿನಷ್ಟಿಲ್ಲ ಎನ್ನುವುದೇ ಇದರ ದೊಡ್ಡ ಗುಣ. ಆದರೆ ಕಾಡುಕೋಣವನ್ನು ಹಸುವಿನ ಹಾಗೆ ತಿಳಿದು ಹತ್ತಿರ ಹೋಗುವವರಿದ್ದಾರೆ, ಹೋಗಬಾರದು. ಪಕ್ಕದ ಸಿಂಧುದುರ್ಗದ ಆಂಬೋಲಿ ವೆಂಗುರ್ಲಾ ಬಂದರಿನಿಂದ ಬೆಳಗಾವಿಗೆ ಬರುವ ಹಳೇ ದಾರಿಯ ತಂಗುದಾಣ. ಈಗ ಹೋಟೆಲುಗಳು ತುಂಬಿವೆ. ಕತ್ತಲೆ ಹುಡುಕಿಕೊಂಡು ಅಲ್ಲಿಗೆ ಹೋದರೆ ನಿರಾಸೆಯೇ.

ಆಂಧ್ರದ ಮದನಪಲ್ಲಿ ಹತ್ತಿರದ ಹಾರ್ಸ್ಲಿ ಹಿಲ್ಸ್‌ಗೆ ಕೋಲಾರ, ಚಿಂತಾಮಣಿಯವರು ಬೆಳಗ್ಗೆ ಹೊರಟರೆ ಊಟಕ್ಕೆ ತಲುಪುತ್ತಾರೆ. ಕಡಪ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹಾರ್ಸ್ಲಿ ಬೇಸಿಗೆಗೆಂದು ಕಟ್ಟಿಸಿಕೊಂಡ ಬಂಗ್ಲೆಯಿಂದ ಆ ಬೆಟ್ಟಕ್ಕೆ ಹೆಸರು ಬಂತು. ಕರೆಂಟ್ ಇದೆ, ಕಾರು ಬಾಗಿಲಿಗೇ ಹೋಗುತ್ತದೆ. ಹಳೇ ಗೋಡೆಯ ಸುಖ ಬೇಕು, ಬಕೆಟ್ ಹೊರುವ ಕಷ್ಟ ಬೇಡ ಎನ್ನುವವರಿಗೆ ಇದು ಸಾಕು.

‘ಮುನ್ನೂರು ವರ್ಷದ ಮನೆ’ ಎಂದರೆ

ಜಾಹೀರಾತುಗಳನ್ನು ಸ್ವಲ್ಪ ಅನುಮಾನದಿಂದ ಓದಿ. ಮುನ್ನೂರು ವರ್ಷದ ಮನೆ ಎನ್ನುತ್ತಾರೆ, ಮೇಲೆ ನೋಡಿದರೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಗೋಡೆ ಹಳೆಯದಿರಬಹುದು, ಮೊದಲು ಮುಳಿಹುಲ್ಲು ಹೊದಿಸಿ ಆಮೇಲೆ ಹೆಂಚು ಹಾಕಿರಬಹುದು. ಕೇಳಿ ತಿಳಿದುಕೊಳ್ಳಿ. ಹೆಂಚಿನ ಮೇಲೆ 1865 ಎಂದು ಅಚ್ಚಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹೆಂಚಿನದ್ದಲ್ಲ.

ಇದಕ್ಕಿಂತ ಗಂಭೀರವಾದದ್ದು ಕಾನೂನು. ಮಸಿನಗುಡಿ ಸುತ್ತಿನ ಸಿಗೂರು ಆನೆದಾರಿಯಲ್ಲಿದ್ದ ರೆಸಾರ್ಟುಗಳನ್ನು ತೆರವು ಮಾಡಬೇಕೆಂಬ ಮದ್ರಾಸ್ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಅದಾಗಿ ಕೆಲವೇ ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯ ತಂಗುದಾಣವೊಂದರ ಬಳಿ ಉರಿಯುವ ಬಟ್ಟೆ ಎಸೆಸಿಕೊಂಡ ಗಂಡಾನೆ ಸತ್ತ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ‘ಕಾಡಿನೊಳಗೆ ಖಾಸಗಿ ಕುಟೀರ, ರಾತ್ರಿ ಸಫಾರಿ ಉಚಿತ’ ಎಂದರೆ ದೂರ ಇರಿ. ರಾತ್ರಿ ಸಫಾರಿ ಯಾವ ಖಾಸಗಿಯವರಿಗೂ ಕೊಡಲು ಬರುವುದಿಲ್ಲ. ಕಾಡಂಚಿನ ಮನೆಯಾದರೆ ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕೇರಳದಲ್ಲಿ ಪ್ರವಾಸೋದ್ಯಮ ಇಲಾಖೆಯೇ ಹೋಂಸ್ಟೇಗಳಿಗೆ ದರ್ಜೆ ಕೊಡುತ್ತದೆ.

ಮುಂಗಡ ಕೊಡುವ ಮೊದಲು ಫೋನಿನಲ್ಲಿ ‘ಕರೆಂಟ್ ಇಲ್ಲವಾ?’ ಎಂದಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಸೋಲಾರ್ ದೀಪ ಇದೆಯಾ, ಎಷ್ಟು ಹೊತ್ತಿನವರೆಗೆ ಉರಿಯುತ್ತದೆ, ಫೋನ್ ಚಾರ್ಜ್ ಆಗುತ್ತಾ, ಸೊಳ್ಳೆಪರದೆ ಕೊಡುತ್ತೀರಾ, ಹತ್ತಿರದ ಆಸ್ಪತ್ರೆ ಎಲ್ಲಿ, ರಾತ್ರಿ ಅಲ್ಲಿಗೆ ಹೋಗಲು ಜೀಪು ಸಿಗುತ್ತಾ ಎಂದು ಬಿಡಿಸಿ ಕೇಳಿ. ಉತ್ತರ ಕೊಡುವವರು ಬೇಸರಪಟ್ಟುಕೊಂಡರೆ ಆ ಮನೆ ಬೇಡ.

ಗಂಟು ಕಟ್ಟುವಾಗ

ಟಾರ್ಚ್ ಎಲ್ಲರೂ ಒಯ್ಯುತ್ತಾರೆ. ಹಣೆಗೆ ಕಟ್ಟುವ ಟಾರ್ಚ್ ತನ್ನಿ, ಎರಡೂ ಕೈ ಖಾಲಿ ಇರುತ್ತದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಲಾಟನ್ನಿನ ಆಸೆ ಬಿಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಅರ್ಧ ಮುಗಿಯುತ್ತದೆ.

ಸೌದೆಯನ್ನು ಕಾಡಿನಿಂದ ಆಯುವಂತಿಲ್ಲ. ಒಣಗಿ ಬಿದ್ದದ್ದೂ ಅಭಯಾರಣ್ಯದಲ್ಲಿ ಮುಟ್ಟಬಾರದು. ಬಂಗ್ಲೆಯವರು ಕೊಟ್ಟದ್ದು ಸಾಲದಿದ್ದರೆ ಸಣ್ಣ ಗ್ಯಾಸ್ ಒಲೆ ಇರಲಿ.

ಸೊಳ್ಳೆಪರದೆ ಎಲ್ಲಿಗೆ ಹೋದರೂ ಬೇಕು, ಸೊಳ್ಳೆ ಇಲ್ಲದಿದ್ದರೂ ಬೇಕು. ಕಟ್ಟುಹಾವು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಕಚ್ಚಿದ ನೋವೂ ಸರಿಯಾಗಿ ಗೊತ್ತಾಗುವುದಿಲ್ಲ. ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತ ಸಿಕ್ಕಿಸಿದರೆ ಅರ್ಧ ಅಪಾಯ ಕಳೆಯಿತು. ಬೆಳಗ್ಗೆ ಬೂಟು ಕೊಡವಿ ಹಾಕಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಏನೂ ಬೇಡ. ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ. ರಾತ್ರಿ ಸಂಚಾರ ನಿಷೇಧ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ.

ಉಣುಗು, ಉಂಬಳಕ್ಕೆ ಉದ್ದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ. ಉಂಬಳ ರಕ್ತ ಕುಡಿದು ಬಿಡುತ್ತದೆ, ಅಷ್ಟೇ. ಉಣುಗು ಹಾಗಲ್ಲ, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಈಗ ವಯನಾಡು, ಸಿಂಧುದುರ್ಗದ ತನಕ ಹಬ್ಬಿದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ. ಮುಚ್ಚಿಟ್ಟ ಹಳೇ ಮನೆಗಳಲ್ಲಿ ಇಲಿಯ ಕಾಟ ಇದ್ದೇ ಇರುತ್ತದೆ. ಇಲಿಯ ಉಚ್ಚೆ ಬಿದ್ದ ನೀರಿನಿಂದ ಇಲಿಜ್ವರ ಬರುತ್ತದೆ, ಕಾಲಲ್ಲಿ ಗಾಯ ಇದ್ದವರು ಕೆಸರಿಗೆ ಬರಿಗಾಲು ಹಾಕಬೇಡಿ. ಪೊದೆಯ ಸಣ್ಣ ಹುಳಗಳಿಂದ ಬರುವ ಸ್ಕ್ರಬ್ ಟೈಫಸ್ ಇನ್ನೊಂದು. ಇವು ಯಾವುವೂ ಅಲ್ಲೇ ಕಾಣಿಸಿಕೊಳ್ಳುವುದಿಲ್ಲ. ಊರಿಗೆ ಬಂದು ಮೂರು ವಾರದೊಳಗೆ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಯಾವ ಕಾಡಿನಲ್ಲಿ, ಎಂಥ ಮನೆಯಲ್ಲಿ ಇದ್ದಿರಿ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯುವುದು ಬೇಡ.